ಕೊಬ್ಬು ಎಷ್ಟಿದೆ? ಎಲ್ಲಿದೆ?

ಅಳತೆ ಮತ್ತು ಅಳತೆಯ ದೋಷಗಳ ಪಾಠ ನಡೆದಿತ್ತು. ಕಿತ್ತೂರಿನ ಕಡೆಯಿಂದ ಬರುವ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮವ್ವ ಆಶಾ ಕಾರ್ಯಕರ್ತೆ ಅದಾಳ್ರಿ. ಮನಿ ಮನಿಗೆ ಹೋಗಿ ಮೂವತ್ತು ದಾಟಿದವರ ಸೊಂಟದ ಸುತ್ತಳತಿ ತಗೋತಾಳ. ಫಾರ್ಮಿನ್ಯಾಗ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಂತ ಐತ್ರಿ. ಟೇಪ್ ಒಂದ, ಲೆಕ್ಕ ಯಾಕ ಎರಡು?”

ತರಗತಿಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳನ್ನು ಮೊದಲೇ ಪತ್ತೆ ಮಾಡಲು ದೇಶದಾದ್ಯಂತ ಆಶಾ ಕಾರ್ಯಕರ್ತೆಯರು ತುಂಬುವ ತಪಶೀಲು ಪಟ್ಟಿಯಲ್ಲಿ ಈ ಎರಡು ಅಂಕಿಗಳು ನಿಜವಾಗಿಯೂ ಇವೆ. ಹೆಂಗಸರ ಸೊಂಟ 80 ಸೆಂ.ಮೀ. ಒಳಗಿದ್ದರೆ ಸೊನ್ನೆ ಅಂಕ, 81ರಿಂದ 90 ಇದ್ದರೆ 1, ಅದಕ್ಕೂ ಮೇಲಾದರೆ 2. ಗಂಡಸರಿಗೆ ಇದೇ ಲೆಕ್ಕ 90 ಮತ್ತು 100ಕ್ಕೆ. ಯಾಕೆ ಹೀಗೆ? ಉತ್ತರ ಹುಡುಕುತ್ತ ಹೋದರೆ ಆರ್ಕಿಮಿಡೀಸನ ತತ್ತ್ವದಿಂದ ಹಿಡಿದು ನವಿಲುತೀರ್ಥದ ಅಣೆಕಟ್ಟಿನವರೆಗೆ ಹಲವು ಸಂಗತಿಗಳು ಎದುರಾಗುತ್ತವೆ.

ತಕ್ಕಡಿ ಹೇಳದ ಸಂಗತಿ

ಒಬ್ಬರು ದಪ್ಪವೋ ತೆಳ್ಳಗೋ ಎಂದು ಹೇಳಲು ನಾವು ಸಾಮಾನ್ಯವಾಗಿ ಬಳಸುವುದು ದೇಹತೂಕ ಸೂಚ್ಯಂಕವನ್ನು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಈ ಸೂತ್ರ ಕೊಟ್ಟವನು ವೈದ್ಯನಲ್ಲ. 19ನೆಯ ಶತಮಾನದ ಬೆಲ್ಜಿಯಂ ದೇಶದ ಖಗೋಳಜ್ಞ ಮತ್ತು ಗಣಿತಜ್ಞ ಕೆಟ್ಲೆ. ಜನಸಮುದಾಯದ ಸರಾಸರಿಯನ್ನು ತಿಳಿಯುವುದು ಅವನ ಉದ್ದೇಶವಾಗಿತ್ತು. ಇಂದಿನ ಹೆಸರು ಅದಕ್ಕೆ ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರ ಲೇಖನದಿಂದ.

ಈ ಸೂಚ್ಯಂಕಕ್ಕೆ ಒಂದು ದೊಡ್ಡ ಮಿತಿ ಇದೆ. ತಕ್ಕಡಿಗೆ ಮೂಳೆ, ಸ್ನಾಯು, ಕೊಬ್ಬು ಎಲ್ಲವೂ ಒಂದೇ. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದರು. ಎತ್ತರ–ತೂಕದ ಕೋಷ್ಟಕದ ಪ್ರಕಾರ ಅವರಲ್ಲಿ ಬಹುಪಾಲು ಜನ ಅತಿತೂಕದವರು. ಆದರೆ ನೀರಿನ ತೂಕ ಬೇರೆಯೇ ಹೇಳಿತು: ಹೆಚ್ಚಿನ ತೂಕವೆಲ್ಲ ಸ್ನಾಯುವಿನದು, ಕೊಬ್ಬಿನದಲ್ಲ.

ಇದರ ಹಿಂದಿನ ಭೌತಶಾಸ್ತ್ರ ಪ್ರೌಢಶಾಲೆಯದೇ. ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.9 ಗ್ರಾಂ. ಕೊಬ್ಬನ್ನು ಬಿಟ್ಟು ದೇಹದ ಉಳಿದ ಭಾಗದ್ದು ಸುಮಾರು 1.1 ಗ್ರಾಂ. ದೇಹದ ಒಟ್ಟು ಸಾಂದ್ರತೆ ತಿಳಿದರೆ ಕೊಬ್ಬು ಎಷ್ಟು ಎಂದು ಲೆಕ್ಕ ಹಾಕಬಹುದು.

ಒಂದು ಉದಾಹರಣೆ ನೋಡೋಣ. ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರದೂ ತೂಕ 60 ಕಿ.ಗ್ರಾಂ., ಎತ್ತರವೂ ಒಂದೇ ಎನ್ನೋಣ. ಹಾಗಾದರೆ ಇಬ್ಬರ ಸೂಚ್ಯಂಕವೂ ಒಂದೇ. ಆರೋಗ್ಯವಂತ ಗಂಡಸಿನ ದೇಹದಲ್ಲಿ ಕೊಬ್ಬು ಶೇಕಡಾ 20ರ ಆಸುಪಾಸು, ಹೆಂಗಸಿನಲ್ಲಿ ಶೇಕಡಾ 30ರ ಆಸುಪಾಸು ಇರುವುದು ಸಹಜ. ಅಂದರೆ ಅವನಲ್ಲಿ 12 ಕಿ.ಗ್ರಾಂ., ಅವಳಲ್ಲಿ 18 ಕಿ.ಗ್ರಾಂ. ಪ್ರತಿ ಭಾಗದ ದ್ರವ್ಯರಾಶಿಯನ್ನು ಅದರ ಸಾಂದ್ರತೆಯಿಂದ ಭಾಗಿಸಿ ಕೂಡಿಸಿದರೆ ಅವನ ದೇಹದ ಗಾತ್ರ ಸುಮಾರು 57 ಲೀಟರ್, ಅವಳದು ಸುಮಾರು 58.2 ಲೀಟರ್. ಸಾಂದ್ರತೆ ಅವನದು 1.053, ಅವಳದು 1.031. ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬೇಕು. (ಪುಪ್ಪುಸಗಳಲ್ಲಿರುವ ಗಾಳಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.)

ತಕ್ಕಡಿಗೆ ಇಬ್ಬರೂ ಒಂದೇ. ನೀರಿಗೆ ಮಾತ್ರ 6 ಕಿಲೋ ಕೊಬ್ಬಿನ ವ್ಯತ್ಯಾಸ ಗೊತ್ತು.

ತೇಲುವ ದೇಹದ ಪಾಠ

ನಮ್ಮ ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಹುಡುಗರು ಬೆನ್ನಿಗೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿಯುತ್ತಿದ್ದರು. ನಾನೂ ಹಾಗೆಯೇ ಕಲಿತವನು. ಅಂಗಾತ ಮಲಗಿ ತೇಲುವುದು ಮಾತ್ರ ನನಗೆ ಬೇಗ ಹತ್ತಲಿಲ್ಲ. ಎದೆ ಮೇಲೆ ನಿಲ್ಲುತ್ತಿತ್ತು, ಕಾಲು ಕೆಳಗಿಳಿಯುತ್ತಿತ್ತು. ನನ್ನ ಕಾಲಿನಲ್ಲಿ ದೋಷವಿರಲಿಲ್ಲ. ದೇಹದ ತೂಕ ಗುರುತ್ವ ಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ನೀರಿನ ಮೇಲ್ಮುಖ ಬಲ ತೇಲುವಿಕೆಯ ಕೇಂದ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ಎದೆಯೊಳಗೆ ಗಾಳಿ ಇರುವುದರಿಂದ ಈ ಎರಡನೆಯ ಬಿಂದು ಮೊದಲನೆಯದಕ್ಕಿಂತ ತುಸು ತಲೆಯ ಕಡೆಗಿರುತ್ತದೆ. ಎರಡು ಬಲಗಳು ಒಂದೇ ಗೆರೆಯಲ್ಲಿ ಇಲ್ಲದ ಕಾರಣ ದೇಹ ತಿರುಗುತ್ತದೆ, ಕಾಲು ಮುಳುಗುತ್ತದೆ.

ಹೆಂಗಸರಲ್ಲಿ ಈ ಎರಡು ಬಿಂದುಗಳು ಹೆಚ್ಚು ಹತ್ತಿರ ಇರುತ್ತವೆ. ಈಜುಗಾರರ ಮೇಲೆ ನಡೆಸಿದ ಅಳತೆಗಳು ಇದನ್ನು ತೋರಿಸಿವೆ. ಅವರ ಕಾಲುಗಳು ಅಷ್ಟು ಬೇಗ ಇಳಿಯುವುದಿಲ್ಲ. ಕಾರಣ, ಅವರ ಕೊಬ್ಬಿನ ದೊಡ್ಡ ಪಾಲು ನಿತಂಬ ಮತ್ತು ತೊಡೆಗಳಲ್ಲಿದೆ. ದೇಹದ ಕೆಳಭಾಗವೇ ಹಗುರ. ಹೀಗೆ ತೇಲುವ ದೇಹ ನಮಗೆ ಕೊಬ್ಬು ಎಷ್ಟಿದೆ ಎನ್ನುವುದರ ಜೊತೆಗೆ ಎಲ್ಲಿದೆ ಎನ್ನುವುದನ್ನೂ ಹೇಳುತ್ತದೆ. ಆರೋಗ್ಯದ ದೃಷ್ಟಿಯಿಂದ ಈ ಎರಡನೆಯ ಸಂಗತಿಯೇ ಮುಖ್ಯ.

ಹೆಚ್ಚು ಕೊಬ್ಬು, ಆದರೂ ಕಡಿಮೆ ಕಾಯಿಲೆ

ಇಲ್ಲೊಂದು ಒಗಟು ಇದೆ. ಅದೇ ತೂಕದ ಗಂಡಸಿಗಿಂತ ಹೆಂಗಸಿನಲ್ಲಿ ಕೊಬ್ಬು ಹೆಚ್ಚು. ಆದರೂ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹೆಂಗಸರಲ್ಲಿ ಹೃದಯಾಘಾತ ಕಡಿಮೆ. 2011ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ದಾಖಲೆಗಳನ್ನು ಪರಿಶೀಲಿಸಿದಾಗ, ಗಂಡಸರು ಹೆಂಗಸರಿಗಿಂತ ಕಡಿಮೆ ಸೂಚ್ಯಂಕದಲ್ಲಿಯೇ ಕಾಯಿಲೆಗೆ ತುತ್ತಾಗುತ್ತಾರೆ ಎಂದು ಕಂಡುಬಂತು. ಕೊಬ್ಬೇ ಶತ್ರುವಾಗಿದ್ದರೆ ಲೆಕ್ಕ ತಿರುಗುಮುರುಗಾಗಿ ಇರಬೇಕಿತ್ತಲ್ಲವೆ?

ಈ ಒಗಟನ್ನು ಮೊದಲು ಗಂಭೀರವಾಗಿ ಹಿಡಿದವರು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್. 1947ರಲ್ಲಿ ಅವರು ಸ್ಥೂಲದೇಹವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೇಲ್ಭಾಗದಲ್ಲಿ, ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಗಂಡುಬಗೆ. ತೊಡೆ ಮತ್ತು ನಿತಂಬಗಳಲ್ಲಿ ಸೇರುವುದು ಹೆಣ್ಣುಬಗೆ. ಸಕ್ಕರೆ ಕಾಯಿಲೆಯೂ ರಕ್ತನಾಳಗಳ ರೋಗವೂ ಮೊದಲ ಬಗೆಯವರಲ್ಲೇ ಹೆಚ್ಚು ಎಂದು ಅವರು ಹೇಳಿದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. ಮುಂದೆ 52 ದೇಶಗಳ ಸುಮಾರು 27,000 ಜನರನ್ನು ಒಳಗೊಂಡ ‘ಇಂಟರ್‌ಹಾರ್ಟ್’ ಅಧ್ಯಯನ 2005ರಲ್ಲಿ ಅದನ್ನು ದೃಢಪಡಿಸಿತು. ಭಾರತವೂ ಅದರಲ್ಲಿ ಪಾಲ್ಗೊಂಡಿತ್ತು. ಹೃದಯಾಘಾತದ ಸಂಭವವನ್ನು ಸೊಂಟ–ನಿತಂಬಗಳ ಅನುಪಾತವು ದೇಹತೂಕ ಸೂಚ್ಯಂಕಕ್ಕಿಂತ ಚೆನ್ನಾಗಿ ತಿಳಿಸುತ್ತದೆ ಎಂಬುದು ಅದರ ತೀರ್ಮಾನ.

ಕೊಬ್ಬು ಕೂಡುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಚರ್ಮದ ಅಡಿ. ಚಿವುಟಿದರೆ ಬೆರಳಿಗೆ ಸಿಗುವುದು ಇದೇ. ಇನ್ನೊಂದು, ಹೊಟ್ಟೆಯ ಒಳಗೆ, ಕರುಳಿನ ಸುತ್ತ. ಇದು ಬೆರಳಿಗೆ ಸಿಗುವುದಿಲ್ಲ. ಒಂದೇ ಸುತ್ತಳತೆಯ ಹೊಟ್ಟೆಯಲ್ಲಿ ಗಂಡಸಿಗೆ ಒಳಗಿನ ಕೊಬ್ಬು ಹೆಚ್ಚು, ಹೆಂಗಸಿಗೆ ಚರ್ಮದಡಿಯದು ಹೆಚ್ಚು.

ಒಳಗಿನ ಕೊಬ್ಬಿನ ಕೋಶಗಳು ತಮ್ಮಲ್ಲಿರುವ ಮೇದಾಮ್ಲಗಳನ್ನು ಸುಲಭವಾಗಿ ರಕ್ತಕ್ಕೆ ಬಿಡುತ್ತವೆ. ಕರುಳಿನಿಂದ ಹೊರಟ ರಕ್ತ ನೇರವಾಗಿ ಯಕೃತ್ತಿಗೆ ಹೋಗುವುದರಿಂದ ಈ ಮೇದಾಮ್ಲಗಳ ಭಾರವೂ ಮೊದಲು ಅದರ ಮೇಲೆಯೇ ಬೀಳುತ್ತದೆ. ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ, ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ತೊಡೆಯ ಕೊಬ್ಬು ಹಾಗಲ್ಲ. ಅದು ಹಗೇವಿನಲ್ಲಿ ಮುಚ್ಚಿಟ್ಟ ಜೋಳದ ಹಾಗೆ, ಸುಮ್ಮನೆ ಹೊರಬರುವುದಿಲ್ಲ. ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಕೊಬ್ಬನ್ನು ಅತ್ತ ಕಳಿಸುತ್ತದೆ. ಮಗುವಿಗೆ ಹಾಲೂಡುವ ಕಾಲದಲ್ಲಿ ತಾಯಿಗೆ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚುವರಿ ಶಕ್ತಿ ಬೇಕು. ಆಗ ಈ ಹಗೇವು ತೆರೆಯುತ್ತದೆ. ಹರೆಯಕ್ಕೆ ಬಂದ ಹುಡುಗಿಯರಲ್ಲಿ ತೊಡೆ, ನಿತಂಬಗಳು ತುಂಬಿಕೊಳ್ಳುವುದು ಕಾಯಿಲೆಯ ಲಕ್ಷಣವಲ್ಲ, ದೇಹದ ಸಿದ್ಧತೆ. ಶಿಕ್ಷಕರು ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ನವಿಲುತೀರ್ಥದ ಉದಾಹರಣೆ

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಎಲ್ಲರಿಗೂ ಗೊತ್ತು. ಅದರ ಸಾಮರ್ಥ್ಯ 37.73 ಟಿ.ಎಂ.ಸಿ. ಅಷ್ಟು ನೀರು ನಿಂತರೆ ಊರಿಗೆ ಅಪಾಯವಿಲ್ಲ, ಹೊಲಕ್ಕೆ ಲಾಭ. 2019ರ ಆಗಸ್ಟಿನಲ್ಲಿ ಖಾನಾಪುರದ ಕಡೆ ವಿಪರೀತ ಮಳೆಯಾಗಿ ಜಲಾಶಯ ತುಂಬಿತು. ಬಾಗಿಲು ತೆರೆಯಬೇಕಾಯಿತು. ರಾಮದುರ್ಗ ತಾಲೂಕಿನ ನದಿದಂಡೆಯ ಊರುಗಳಲ್ಲಿ ನೀರು ಮನೆಗಳಿಗೆ, ಮಗ್ಗಗಳಿಗೆ ನುಗ್ಗಿತು. ಹಾನಿ ಮಾಡಿದ ನೀರು ಜಲಾಶಯದಲ್ಲಿ ನಿಂತದ್ದಲ್ಲ, ಅಲ್ಲಿ ಜಾಗವಿಲ್ಲದೆ ಹೊರಬಂದದ್ದು.

ಚರ್ಮದಡಿಯ ಕೊಬ್ಬಿನ ಕಣಜವೂ ಒಂದು ಜಲಾಶಯ. ತಿಂದದ್ದು ಖರ್ಚಾಗದೆ ಉಳಿದರೆ ಮೊದಲು ಅಲ್ಲಿ ಸೇರುತ್ತದೆ. ಅಲ್ಲಿ ಜಾಗ ಮುಗಿದ ಮೇಲೆ ಕರುಳಿನ ಸುತ್ತ, ಯಕೃತ್ತಿನೊಳಗೆ, ಮೇದೋಜೀರಕ ಗ್ರಂಥಿಯೊಳಗೆ, ಸ್ನಾಯುವಿನೊಳಗೆ ನುಗ್ಗುತ್ತದೆ. ಅವು ಕೊಬ್ಬು ಇಡುವ ಜಾಗಗಳಲ್ಲ. ಹೆಂಗಸಿನ ಜಲಾಶಯ ದೊಡ್ಡದು, ಗಂಡಸಿನದು ಸಣ್ಣದು. ಒಗಟಿನ ಉತ್ತರ ಮುಖ್ಯವಾಗಿ ಇದೇ.

ಇದು ಬರೀ ಹೋಲಿಕೆಯೇ, ಸಾಕ್ಷಿ ಇದೆಯೆ ಎಂದು ಕೇಳಬಹುದು. ಇದೆ. ಹುಟ್ಟಿನಿಂದಲೇ ಚರ್ಮದಡಿಯ ಕೊಬ್ಬು ಇಲ್ಲದಿರುವ ಒಂದು ಅಪರೂಪದ ಆನುವಂಶಿಕ ತೊಂದರೆ ಇದೆ. ಅಂಥವರು ನೋಡಲು ಕಟ್ಟುಮಸ್ತು, ತೆಳ್ಳಗೆ. ಆದರೆ ಚಿಕ್ಕ ವಯಸ್ಸಿಗೇ ತೀವ್ರ ಸಕ್ಕರೆ ಕಾಯಿಲೆ, ಯಕೃತ್ತಿನಲ್ಲಿ ಕೊಬ್ಬು. ಜಲಾಶಯವೇ ಇಲ್ಲದಿದ್ದರೆ ಸಣ್ಣ ಮಳೆಯೂ ಊರೊಳಗೆ ಬರುತ್ತದೆ.

ಹೋಲಿಕೆಗೆ ಮಿತಿಯೂ ಇದೆ. ಅಣೆಕಟ್ಟಿನ ಸಾಮರ್ಥ್ಯ ಬಹುಮಟ್ಟಿಗೆ ಸ್ಥಿರ. ದೇಹದ ಕಣಜ ವಯಸ್ಸು, ಹಾರ್ಮೋನು, ವ್ಯಾಯಾಮಗಳ ಜೊತೆಗೆ ಬದಲಾಗುತ್ತದೆ. ಭಾರತದ ಹೆಂಗಸರಲ್ಲಿ ಸರಾಸರಿ 46–47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೊಜೆನ್ ಇಳಿಯುತ್ತದೆ. ತೂಕ ಹೆಚ್ಚದಿದ್ದರೂ ಕೊಬ್ಬು ಹೊಟ್ಟೆಯ ಕಡೆ ಸೇರತೊಡಗುತ್ತದೆ. ಆಗ ಹೆಣ್ಣುಬಗೆಯ ರಕ್ಷಣೆ ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆ ಬಂದ ಮೇಲಂತೂ ಹೆಂಗಸಿಗೆ ಹೊಡೆತ ಹೆಚ್ಚು. ಆ ಕಾಯಿಲೆಯಿಂದ ಹೃದ್ರೋಗದ ಸಂಭವ ಎಷ್ಟು ಪಟ್ಟು ಏರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕ ಹಾಕಿದಾಗ, ಆ ಏರಿಕೆ ಗಂಡಸರಿಗಿಂತ ಹೆಂಗಸರಲ್ಲಿ ಶೇಕಡಾ 44ರಷ್ಟು ಅಧಿಕ ಎಂದು ತಿಳಿದುಬಂತು.

ತೆಳ್ಳಗಿನ ದೇಹ, ಸಣ್ಣ ಕಣಜ

ನಮ್ಮ ದೇಶದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಯಾಜ್ಞಿಕರ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನೂ ಅಳೆದಿತ್ತು. ಅವುಗಳ ಸರಾಸರಿ ತೂಕ 2.7 ಕಿ.ಗ್ರಾಂ., ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದ್ದು 3.5 ಕಿ.ಗ್ರಾಂ. ನಮ್ಮ ಶಿಶುಗಳಲ್ಲಿ ಸ್ನಾಯು, ಹೊಟ್ಟೆಯ ಅಂಗಗಳು ಸಣ್ಣವಾಗಿದ್ದವು. ಬೆನ್ನಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಪೋಷಣೆ ಸಾಲದ ಮಗು ಸ್ನಾಯುವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಉಳಿಸಿಕೊಂಡು ಹುಟ್ಟುತ್ತದೆ. ಮುಂದೆ ಊಟ ಹೆಚ್ಚಿ ದುಡಿಮೆ ಕಡಿಮೆಯಾದಾಗ ಅದೇ ಮಗುವಿಗೆ ತೊಂದರೆ. ಅದಕ್ಕೆಂದೇ ಭಾರತೀಯರಿಗೆ ಸೂಚ್ಯಂಕದ ಮಿತಿಯನ್ನು 25ರ ಬದಲು 23ಕ್ಕೆ ಇಳಿಸಲಾಗಿದೆ.

ಮೈಸೂರಿನ ಪಾಠ

ನಮ್ಮ ರಾಜ್ಯದ್ದೇ ಆದ ಒಂದು ಮಹತ್ವದ ಅಧ್ಯಯನವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುತ್ತ ಬರಲಾಯಿತು. ಶೇಕಡಾ 6ರಷ್ಟು ಗರ್ಭಿಣಿಯರಲ್ಲಿ ಸಕ್ಕರೆ ಏರಿತ್ತು. ಹೆರಿಗೆಯಾಗಿ 5 ವರ್ಷಗಳ ನಂತರ ನೋಡಿದಾಗ, ಹೀಗೆ ಏರಿದ್ದವರಲ್ಲಿ ಶೇಕಡಾ 37 ಜನಕ್ಕೆ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದವರಲ್ಲಿ ಶೇಕಡಾ 2 ಮಾತ್ರ. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಇತರರಿಗಿಂತ ಹೆಚ್ಚಾಗಿತ್ತು.

ಬಸಿರು ಎಂಬುದು ದೇಹಕ್ಕೆ ಒಂದು ಪರೀಕ್ಷೆ. ಆಗ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತವೆ. ಮೇದೋಜೀರಕದಲ್ಲಿ ಮೀಸಲು ಶಕ್ತಿ ಇದ್ದವರು ಪಾರಾಗುತ್ತಾರೆ, ಇಲ್ಲದವರಲ್ಲಿ ಸಕ್ಕರೆ ಏರುತ್ತದೆ. ಹೆರಿಗೆಯ ನಂತರ ಇಳಿಯುತ್ತದೆ. ಇಳಿದದ್ದು ಹೋಯಿತು ಎಂದುಕೊಳ್ಳುವುದೇ ತಪ್ಪು.

ರಾಮದುರ್ಗದಲ್ಲಿರುವ ನನ್ನ ತಂಗಿಗೆ ಆದದ್ದು ಇದೇ. 1998ರಲ್ಲಿ ಬಸಿರಿದ್ದಾಗ ಸಕ್ಕರೆ ಕಾಣಿಸಿತು, ಹೆರಿಗೆಯಾದ ಮೇಲೆ ಹೋಯಿತು, ನಾವೆಲ್ಲ ಮರೆತೆವು. ಕೈಕಾಲು ಸಣ್ಣ, ತೂಕ 54 ಕಿಲೋ. ರಕ್ತ ತೋರಿಸು ಎಂದರೆ “ಅಣ್ಣಾ, ನನಗೇನಾಗೈತಿ? ಎಷ್ಟ್ ಸಣ್ಣ ಅದೀನಿ ನೋಡು” ಎನ್ನುತ್ತಿದ್ದಳು. ನಾನೂ ಒಪ್ಪಿಕೊಂಡೆ. 2021ರಲ್ಲಿ ಕಣ್ಣು ಮಂಜಾಯಿತೆಂದು ತೋರಿಸಿದಾಗ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು, ಅಕ್ಷಿಪಟಲಕ್ಕೆ ಪೆಟ್ಟು ಬಿದ್ದಿತ್ತು. ಅಳತೆಯ ಪಾಠ ಹೇಳುವ ನಾನು ತಕ್ಕಡಿಯನ್ನು ನಂಬಿ ಮೋಸಹೋಗಿದ್ದೆ.

ಈಗಿನ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಗರ್ಭಿಣಿಗೆ ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28 ವಾರಗಳ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಪರೀಕ್ಷಿಸಬೇಕೆಂದಿದೆ. ಸಕ್ಕರೆ ಏರಿದ್ದವರು ಹೆರಿಗೆಯ ಆರು ವಾರಗಳ ನಂತರ ಮತ್ತೊಮ್ಮೆ, ಆಮೇಲೆ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಪ್ಪಿಹೋಗುವುದು ಹೆರಿಗೆಯ ನಂತರದ ಪರೀಕ್ಷೆಯೇ. ಕೂಸು ಬಂದ ಮನೆಯಲ್ಲಿ ತಾಯಿಯ ಸರದಿ ಕೊನೆಗೆ.

80 ಮತ್ತು 90ರ ಗುಟ್ಟು

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಈ ಅಂಕಿಗಳು ಯಾವ ಸೂತ್ರದಿಂದಲೂ ಬಂದವಲ್ಲ. ಜನರ ಸುತ್ತಳತೆಯನ್ನು ಅವರ ರಕ್ತಪರೀಕ್ಷೆ, ರಕ್ತದೊತ್ತಡಗಳ ಪಕ್ಕದಲ್ಲಿಟ್ಟು ನೋಡಿ, ಅಪಾಯ ಏರತೊಡಗುವ ಹಂತವನ್ನು ಗುರುತಿಸಿದ್ದು. ಆದರೂ ವ್ಯತ್ಯಾಸದ ದೊಡ್ಡ ಪಾಲನ್ನು ನಾವೇ ವಿವರಿಸಬಹುದು. ಭಾರತದಲ್ಲಿ ಹೆಂಗಸಿನ ಸರಾಸರಿ ಎತ್ತರ ಸುಮಾರು 152 ಸೆಂ.ಮೀ., ಗಂಡಸಿನದು ಸುಮಾರು 165. 80ನ್ನು 152ರಿಂದ ಭಾಗಿಸಿದರೆ 0.53. 90ನ್ನು 165ರಿಂದ ಭಾಗಿಸಿದರೆ 0.55. ವ್ಯತ್ಯಾಸ ಬಹುತೇಕ ಮಾಯವಾಯಿತು!

ಉದ್ದವನ್ನು ಉದ್ದದಿಂದ ಭಾಗಿಸಿದಾಗ ಸಿಗುವುದು ಆಯಾಮರಹಿತ ಸಂಖ್ಯೆ. ಸೆಂಟಿಮೀಟರ್ ಬಳಸಿ, ಗೇಣು ಬಳಸಿ, ಉತ್ತರ ಒಂದೇ. ಕುಳ್ಳರಿಗೂ ಎತ್ತರದವರಿಗೂ, ಗಂಡಸರಿಗೂ ಹೆಂಗಸರಿಗೂ ಒಂದೇ ನಿಯಮ ಸಾಕು: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 0.5 ದಾಟಿದರೆ ಎಚ್ಚರ, 0.6 ದಾಟಿದರೆ ಹೆಚ್ಚಿನ ಅಪಾಯ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಇದನ್ನು ಸೇರಿಸಿಕೊಂಡಿದೆ.

ಮಾಡಿ ನೋಡಿ

ಇದಕ್ಕೆ ಟೇಪೂ ಬೇಡ. ಹಿಗ್ಗದ ನೂಲು ಸಾಕು. ರಾಮದುರ್ಗದವರಿಗೆ ಮಗ್ಗದ ನೂಲಿಗೆ ಕೊರತೆ ಇಲ್ಲ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತವರ ಎತ್ತರದಷ್ಟು ನೂಲನ್ನು ಕತ್ತರಿಸಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟಾಗ, ಮಡಚಿದ ನೂಲನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಿ. ಸೀರೆಯ ನೆರಿಗೆಯ ಮೇಲೆ, ದಪ್ಪ ಬಟ್ಟೆಯ ಮೇಲೆ ಸುತ್ತಬಾರದು. ಎರಡು ತುದಿ ಸೇರಿದರೆ ಸರಿ, ಸೇರದಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದು ಅಳತೆಯ ದೋಷ. ಗಂಡಸರು ಇದನ್ನು ಹೆಚ್ಚು ಮಾಡುತ್ತಾರೆ!

ಕೆಲವು ಎಚ್ಚರಿಕೆಗಳು. ಗರ್ಭಿಣಿಯರಿಗೆ ಈ ಪರೀಕ್ಷೆ ಸಲ್ಲದು. ತರಗತಿಯಲ್ಲಿ ಎಲ್ಲರೆದುರು ಮಕ್ಕಳನ್ನು ಅಳೆಯಬಾರದು. ನೂಲನ್ನು ಮನೆಗೆ ಕೊಟ್ಟು ಕಳಿಸಿ. ಇದು ರೋಗನಿರ್ಣಯವಲ್ಲ, ಮುನ್ಸೂಚನೆ. ಬಸಿರಿನಲ್ಲಿ ಸಕ್ಕರೆ ಏರಿದ್ದವರಿಗೆ ನೂಲಿನ ತುದಿ ಸೇರಿದರೂ ರಕ್ತಪರೀಕ್ಷೆ ತಪ್ಪುವುದಿಲ್ಲ.

ನೂಲು ಸೇರದವರು ಹೆದರಬೇಕಿಲ್ಲ. ತೂಕ ಇಳಿಯತೊಡಗಿದಾಗ ಯಕೃತ್ತಿನಲ್ಲಿ ಮತ್ತು ಕರುಳಿನ ಸುತ್ತ ಇರುವ ಕೊಬ್ಬು ಬೇಗ ಕರಗುತ್ತದೆ. ನಡಿಗೆ, ಕಾಲಿನ ಸ್ನಾಯುಗಳಿಗೆ ಕೆಲಸ ಕೊಡುವ ದುಡಿಮೆ ರಕ್ತದ ಸಕ್ಕರೆಯನ್ನು ನೇರವಾಗಿ ಖರ್ಚು ಮಾಡುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸೊಂಟದ ಸುತ್ತಳತೆಯನ್ನು ಮೊದಲ ಬಾರಿಗೆ ಅಳೆಯಲಾಯಿತು. ಹೆಂಗಸರಿಗೆ 80, ಗಂಡಸರಿಗೆ 94 ಸೆಂ.ಮೀ. ಮಿತಿ ಇಟ್ಟು ನೋಡಿದಾಗ ದೇಶದ ಶೇಕಡಾ 40 ಹೆಂಗಸರು, ಶೇಕಡಾ 12 ಗಂಡಸರು ಮಿತಿ ದಾಟಿದ್ದರು. ಬೊಜ್ಜು ಗಂಡಸರ ತೊಂದರೆ ಎಂದು ತಮಾಷೆ ಮಾಡುವ ನಾವು ಯೋಚಿಸಬೇಕಾದ ಅಂಕಿ ಇದು.

ಪಾಠ ಮುಗಿದ ವಾರದ ನಂತರ ಆ ವಿದ್ಯಾರ್ಥಿನಿಯನ್ನು ಕೇಳಿದೆ: “ನಿಮ್ಮವ್ವ ಊರವರ ಅಳತೆ ತೆಗೆದುಕೊಳ್ಳುತ್ತಾಳಲ್ಲ, ಅವಳ ಅಳತೆಯನ್ನು ಯಾರು ತೆಗೆದುಕೊಂಡರು?” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಿನ್ನೆ ನಾನ ತಗೊಂಡೆ ರಿ. ನೂಲು ನಾಕು ಬಳ್ಳು ಸಾಲಲಿಲ್ಲ. ಸೋಮವಾರ ರಕ್ತ ತೋರಸಾಕ ಕರಕೊಂಡು ಹೊಂಟೀನಿ.”